ತಂತ್ರಾಂಶದ ನೆಲೆ

ವಾಸದ ಮನೆಯನ್ನು ಬದಲಾಯಿಸುವುದು ಪಟ್ಟಣಿಗರಾದ ನಮಗೆ ಹೊಸದಲ್ಲ. ಆಗ ಶಾಲೆಯ ದಾಖಲೆ ಪುಸ್ತಕದಲ್ಲಿ ವಿಳಾಸವನ್ನು ಒಂದೆಡೆ ತಿದ್ದಿದರೆ ಸಾಕು. ಅದೇ ವಿಳಾಸವನ್ನು ಇಪ್ಪತ್ತು ಪುಸ್ತಕಗಳಲ್ಲಿ ಬರೆದಿಟ್ಟಿದ್ದರೆ ಎಲ್ಲಿಯಾದರೊಂದು ಕಡೆ ಹಳೆಯದೇ ಉಳಿದು, ಪತ್ರವು ಹಳೆಯ ಮನೆಗೇ ಹೋಗುವುದು. ಗಣಕಯಂತ್ರದ ತಂತ್ರಾಂಶಕ್ಕೂ ಈ ಮಾತು ಸಲ್ಲುತ್ತದೆ.

ಗಣಕದಲ್ಲಿ ಪ್ರತಿಯೊಂದು ಕಡತವೂ ಯಾವ ಡ್ರೈವಿನ ಯಾವ ಫೋಲ್ಡರಿನೊಳಗಿದೆಯೆಂದು ಕ್ರಮವಾಗಿ ತಿಳಿಸುವ ಬರಹಕ್ಕೆ ‘ಪಾಥ್’ ಎಂದು ಹೆಸರು. ಇದನ್ನು ಪ್ರೋಗ್ರಾಮಿನಲ್ಲಿ ಅಲ್ಲಲ್ಲಿ ಅಕ್ಷರಶಃ ಬರೆದುಬಿಟ್ಟರೆ, ಬರೆದವರ ಯಂತ್ರದಲ್ಲಿ ಓಡಿದ ಪ್ರೋಗ್ರಾಮು ಇನ್ನೊಬ್ಬರ ಯಂತ್ರದಲ್ಲಿ ‘ಕಡತ ಸಿಗಲಿಲ್ಲ’ ಎಂದು ನಿಂತುಬಿಡಬಹುದು. ಕಡತವೇನೋ ಇರುತ್ತದೆ, ಹುಡುಕುವ ದಾರಿ ಮಾತ್ರ ತಪ್ಪಿರುತ್ತದೆ.

ವಿಂಡೋಸಿನಲ್ಲಿ ತಂತ್ರಾಂಶಗಳು ಸಾಮಾನ್ಯವಾಗಿ ಸಿ ಡ್ರೈವಿನ ‘ಪ್ರೋಗ್ರಾಮ್ ಫೈಲ್ಸ್’ ಎಂಬ ಫೋಲ್ಡರಿನಲ್ಲಿರುತ್ತವೆ. ಆದರೆ ಜರ್ಮನ್ ಭಾಷೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಅದರ ಹೆಸರು ‘ಪ್ರೊಗ್ರಾಮೆ’ ಎಂದಿತ್ತು. ಇಂಗ್ಲಿಷ್ ಹೆಸರನ್ನೇ ನಂಬಿದ ತಂತ್ರಾಂಶವು ಅಲ್ಲಿ ಎಡವದೆ ಇದ್ದೀತೆ? ಇನ್ನೊಂದು ಉದಾಹರಣೆಯನ್ನು ನೋಡಿರಿ. ಆಪಲ್ ಸಂಸ್ಥೆಯು 2020ರಲ್ಲಿ ತನ್ನದೇ ಚಿಪ್ಪುಳ್ಳ ಮ್ಯಾಕ್ ಗಣಕಗಳನ್ನು ಹೊರತಂದಿತು. ಮ್ಯಾಕಿನಲ್ಲಿ ತಂತ್ರಾಂಶಗಳನ್ನು ಸ್ಥಾಪಿಸಿಕೊಡುವ ‘ಹೋಮ್‌ಬ್ರೂ’ ಎಂಬ ಸಾಧನವು ಇಂಟೆಲ್ ಚಿಪ್ಪಿನ ಯಂತ್ರಗಳಲ್ಲಿ ‘ಯುಎಸ್‌ಆರ್/ಲೋಕಲ್’ ಎಂಬಲ್ಲಿ ನೆಲೆಸಿದ್ದರೆ, ಹೊಸ ಯಂತ್ರಗಳಲ್ಲಿ ‘ಆಪ್ಟ್/ಹೋಮ್‌ಬ್ರೂ’ ಎಂಬಲ್ಲಿ ನೆಲೆಸಿತು. ‘ನಿನ್ನ ನೆಲೆ ಯಾವುದು?’ ಎಂದು ಹೋಮ್‌ಬ್ರೂವನ್ನೇ ಕೇಳಿ ತಿಳಿಯುತ್ತಿದ್ದ ಪ್ರೋಗ್ರಾಮುಗಳಿಗೆ ಇದರಿಂದ ತೊಂದರೆಯಾಗಲಿಲ್ಲ. ಹಳೆಯ ನೆಲೆಯನ್ನೇ ಬರೆದುಕೊಂಡಿದ್ದವುಗಳನ್ನು ತಿದ್ದಬೇಕಾಯಿತು.

ಇದಕ್ಕೆ ಪರಿಹಾರಗಳು ಮೂರು. ಮೊದಲನೆಯದಾಗಿ, ನೆಲೆಯನ್ನು ಊಹಿಸದೆ ಗಣಕದ ವ್ಯವಸ್ಥೆಯನ್ನೇ ಕೇಳಬೇಕು. ವಿಂಡೋಸು ಇದಕ್ಕೆಂದೇ ‘ಪ್ರೋಗ್ರಾಮ್‌ಫೈಲ್ಸ್’ ಎಂಬ ಚರವನ್ನು ಇಟ್ಟಿದೆ. ಎರಡನೆಯದಾಗಿ, ಪ್ರೋಗ್ರಾಮಿನ ಜೊತೆಗೇ ಬರುವ ಚಿತ್ರ ಮುಂತಾದವುಗಳನ್ನು ಪ್ರೋಗ್ರಾಮು ಇರುವ ಫೋಲ್ಡರಿನಿಂದಲೇ ಎಣಿಸಿ ಹುಡುಕಬೇಕು. ಮೂರನೆಯದಾಗಿ, ಸ್ಥಾಪಿಸುವಾಗ ವಾಡಿಕೆಯ ನೆಲೆಯನ್ನು ಸೂಚಿಸಿ, ಬೇರೆಯದನ್ನು ಆರಿಸುವ ಸ್ವಾತಂತ್ರ್ಯವನ್ನು ಬಳಸುವವರಿಗೆ ಬಿಟ್ಟು, ಆರಿಸಿದುದನ್ನು ಒಂದೇ ಕಡೆ ಬರೆದಿಡಬೇಕು. ಸಿ ಡ್ರೈವು ತುಂಬಿ ಡಿ ಡ್ರೈವಿನಲ್ಲಿ ಮಾತ್ರ ಜಾಗವಿರುವ ಹಳೆಯ ಗಣಕಗಳು ಎಷ್ಟೋ ಶಾಲೆಗಳಲ್ಲಿವೆ. ‘ಸಿ ಅಲ್ಲದೆ ಬೇರೆಡೆ ಇರಲಾರೆ’ ಎಂದು ಹಟ ಹಿಡಿವ ತಂತ್ರಾಂಶವು ಅಲ್ಲಿನ ಮಕ್ಕಳಿಗೆ ಒದಗದು.

ವಿದ್ಯಾರ್ಥಿಗಳೇ, ಮನೆಯ ಗಣಕದಲ್ಲಿ ನೀವು ಪ್ರೋಗ್ರಾಮು ಬರೆದಾಗ ಅದರ ಫೋಲ್ಡರನ್ನು ಪೂರ್ತಿಯಾಗಿ ಬೇರೊಂದು ಕಡೆಗೆ ಸರಿಸಿ ಓಡಿಸಿ ನೋಡಿರಿ. ಸಾಧ್ಯವಾದರೆ ಗೆಳೆಯರ ಗಣಕದಲ್ಲಿಯೂ ನಡೆಯಿಸಿ ನೋಡಿರಿ. ಅಲ್ಲಿಯೂ ಓಡಿದರೆ ನಿಮ್ಮ ಶ್ರಮವು ಇತರರಿಗೂ ಉಪಯೋಗಕ್ಕೆ ಬಂದಂತಾಯಿತು.