ಶರದೃತುವಿನ ಆಗಮನ

ಆಶ್ವಯುಜ, ಕಾರ್ತಿಕ ಮಾಸಗಳು ಶರದೃತುವೆಂದು ಪಂಚಾಂಗವು ಹೇಳುವುದಷ್ಟೆ. ಆದರೆ ಈ ಋತುವು ಎಲ್ಲ ಸೀಮೆಗಳಿಗೂ ಒಂದೇ ರೂಪದಲ್ಲಿ ಬರುವುದಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ವಿಚಾರಮಾಡೋಣ.

ನೈರುತ್ಯ ಮಾರುತವು ಸಾಮಾನ್ಯವಾಗಿ ಸೆಪ್ಟೆಂಬರ್ 17ರ ಸುಮಾರಿಗೆ ಪಶ್ಚಿಮ ರಾಜಸ್ಥಾನದಿಂದ ಹಿಂದೆಗೆಯತೊಡಗಿ, ಅಕ್ಟೋಬರ್ 15ರ ವೇಳೆಗೆ ದೇಶವನ್ನೆಲ್ಲ ಬಿಟ್ಟುಹೋಗುತ್ತದೆ. ಮೋಡದ ಹೊದಿಕೆಯು ಸರಿದೊಡನೆ, ಭೂಮಿಯು ಹಗಲು ಪಡೆದ ಶಾಖವನ್ನು ಇರುಳಿನಲ್ಲಿ ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಡುವುದು. ಹಗಲಿನ ಬಿಸಿಲು ಚುರುಕಾಗಿದ್ದರೂ ಬೆಳಗಿನ ಜಾವದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಕಾಣುವುದು ಇದರಿಂದಲೆ.

ಒಳನಾಡಾದ ಬೀದರಿನಲ್ಲಿ ಇರುಳು ಹೀಗೆ ಬೇಗನೆ ತಣಿಯುವುದು. ಮಂಗಳೂರಿನಲ್ಲಿಯಾದರೋ, ಕಡಲು ತನ್ನ ಶಾಖವನ್ನು ಸುಲಭವಾಗಿ ಬಿಡದ ಕಾರಣ, ಸೆಕೆಯು ಉಳಿಯುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಅಲ್ಲಿಯ ತಂಪಿಗೆ ಈ ಎತ್ತರವೂ ಕಾರಣ. ಚೆನ್ನೈಯ ಕರಾವಳಿಗೆ ಈಶಾನ್ಯ ಮಾರುತದ ದೆಸೆಯಿಂದ ಇದೇ ಮುಖ್ಯವಾದ ಮಳೆಗಾಲ.

ಈ ವ್ಯತ್ಯಾಸವು ನಮ್ಮ ಅನ್ನಕ್ಕೆ ಸಂಬಂಧಿಸಿದುದು. ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ಬಹುಮಟ್ಟಿಗೆ ಮಣ್ಣು ಹಿಡಿದಿಟ್ಟ ತೇವವನ್ನೇ ನಂಬಿ ಬೆಳೆಯತಕ್ಕದ್ದು. ಬಿತ್ತನೆಗೆ ಮೊದಲು ಮಳೆ ಸಾಲದಿದ್ದರೆ ಪೈರು ಬಾಡುವುದು. ಕೋಲಾರದಲ್ಲಿಯಾದರೋ ಭಯವು ಬೇರೆ. ಬಲಿತ ರಾಗಿಯ ಮೇಲೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ ಹಿಡಿದರೆ, ಕಾಳು ತೆನೆಯಲ್ಲಿಯೇ ಮೊಳೆಯುವುದು. 2021ರ ನವೆಂಬರಿನಲ್ಲಿ ಆ ಸೀಮೆಯ ರೈತರು ಅಕಾಲವೃಷ್ಟಿಯಿಂದ ರಾಗಿಯನ್ನು ಕಳೆದುಕೊಂಡರು.

ನಗರವಾಸಿಗಳಾದ ನಾವು ಮುಂಜಾನೆಯ ತಂಪನ್ನು ಸವಿಯುವಾಗ, ಒಕ್ಕಲಿಗನು ಆಕಾಶವನ್ನು ನೋಡುತ್ತ ನಿಂತಿರುವನೆಂಬುದನ್ನು ಮರೆಯಲಾಗದು.