ಪಿಸ್ತೂಲು ದುಬಾರಿ, ಭರವಸೆ ಇನ್ನೂ ದುಬಾರಿ

ಶಿವಮೊಗ್ಗ: ಬಂಧನಕ್ಕೆ ತೆರಳಿದ ಪೊಲೀಸರು ಆರೋಪಿಯ ಕಾಲಿಗೆ ಗುಂಡು ಹಾರಿಸಿದರೆಂಬ ವರದಿಗಳು ಶಿವಮೊಗ್ಗ ಹಾಗೂ ಭದ್ರಾವತಿಯ ಓದುಗರಿಗೆ ಹೊಸತಲ್ಲ. 2022ರ ಆಗಸ್ಟ್‌ನಲ್ಲಿ ನಗರದಲ್ಲಿ ನಡೆದ ಚೂರಿ ಇರಿತ ಪ್ರಕರಣದಲ್ಲಿಯೂ ಹೀಗೆಯೇ ಆಯಿತು. ಚುನಾವಣೆ ಘೋಷಣೆಯಾದೊಡನೆ ಪರವಾನಗಿದಾರರು ತಮ್ಮ ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕೆಂಬ ಜಿಲ್ಲಾಡಳಿತದ ಆದೇಶವೂ ವಾಡಿಕೆಯ ಸುದ್ದಿಯೇ ಆಗಿದೆ. ಆದರೆ ಬೇಕಾದ ಕ್ಷಣದಲ್ಲಿ ಆ ಆಯುಧ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆ ಚರ್ಚೆಗೆ ಬರುವುದು ವಿರಳ.

ಲಕ್ಷಾಂತರ ರೂಪಾಯಿ ಕೊಟ್ಟು ಕೊಂಡ ಪಿಸ್ತೂಲು ಕೈಕೊಡಲಾರದು ಎಂಬುದು ಸಾಮಾನ್ಯ ನಂಬಿಕೆ. ಯಂತ್ರಶಾಸ್ತ್ರ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಅರೆ ಸ್ವಯಂಚಾಲಿತ ಪಿಸ್ತೂಲಿನ ವಿಶ್ವಾಸಾರ್ಹತೆ ಅಂಗಡಿಯಲ್ಲಿ ಮಾರಾಟಕ್ಕಿರುವ ವಸ್ತುವಲ್ಲ. ಕೊಂಡ ಬಳಿಕ ಗುಂಡು ಹಾರಿಸಿ ಹಾರಿಸಿ ಖಚಿತಪಡಿಸಿಕೊಳ್ಳಬೇಕಾದ ಗುಣವದು. ನಮ್ಮ ಪರವಾನಗಿದಾರನಿಗೆ ದುರ್ಲಭವಾಗಿರುವುದು ಈ ಅವಕಾಶವೇ.

ಪಳಗುವುದು ಎಂದರೇನು?

ಹೊಸ ಬೈಕ್ ಕೊಂಡವರಿಗೆ ಮೊದಲ ಕೆಲವು ನೂರು ಕಿಲೋಮೀಟರ್ ವೇಗ ಮಿತಿಯಲ್ಲಿರಲಿ ಎಂದು ಮೆಕ್ಯಾನಿಕ್ ಎಚ್ಚರಿಸುತ್ತಾನೆ. ಎಂಜಿನ್ನಿನ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲು ಬೇಕಾದ ಅವಧಿ ಅದು. ಪಿಸ್ತೂಲಿಗೂ ಇಂತಹ ಅವಧಿಯಿದೆ.

1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣ ಕಾರ್ಖಾನೆಯಲ್ಲಿ, ಇಂದಿನ ವಿಐಎಸ್‌ಎಲ್‌ನಲ್ಲಿ, ದುಡಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಯಂತ್ರದಿಂದ ಹೊರಬಂದ ಉಕ್ಕಿನ ಮೈ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ಅದು ಏರುತಗ್ಗುಗಳ ಬಯಲು. ಎರಡು ಭಾಗಗಳು ಉಜ್ಜಾಡಿದಾಗ ಈ ಉಬ್ಬುಗಳು ಸವೆದು, ಎಣ್ಣೆಯ ಪದರ ಸಮನಾಗಿ ನಿಂತು, ಚಲನೆ ಸರಾಗವಾಗುತ್ತದೆ.

ಪಿಸ್ತೂಲಿನಲ್ಲಿ ಹೀಗೆ ಉಜ್ಜಾಡುವ ಮುಖ್ಯ ಭಾಗ ಮೇಲಿನ ಸ್ಲೈಡ್. ಗುಂಡು ಹಾರಿದೊಡನೆ ಅದು ಹಿಂದಕ್ಕೆ ಜಾರಿ, ಖಾಲಿ ತೋಟಾವನ್ನು ಹೊರಗೆಸೆದು, ಸ್ಪ್ರಿಂಗ್‌ನ ಬಲದಿಂದ ಮುಂದೆ ಬರುವಾಗ ಮ್ಯಾಗಜಿನ್‌ನಿಂದ ಮುಂದಿನ ತೋಟಾವನ್ನು ನಳಿಕೆಗೆ ತಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಒಂದು ಸೆಕೆಂಡಿನ ಸಣ್ಣ ಅಂಶದೊಳಗೆ. ಈ ಹಾದಿಯಲ್ಲಿ ತುಸು ಹೆಚ್ಚು ಘರ್ಷಣೆ ಉಂಟಾದರೂ ತೋಟಾ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ.

ದುಬಾರಿಯದ್ದೇ ತಕರಾರು

ವಿಚಿತ್ರವೆಂದರೆ ಪಳಗಿಸುವ ಅಗತ್ಯ ಹೆಚ್ಚಾಗಿರುವುದು ದುಬಾರಿ ಪಿಸ್ತೂಲುಗಳಿಗೆ. ಗುರಿ ನಿಖರವಾಗಿರಲೆಂದು ಕುಶಲಕರ್ಮಿಗಳು ಸ್ಲೈಡ್, ನಳಿಕೆ ಮತ್ತು ಚೌಕಟ್ಟನ್ನು ಕೈಯಿಂದಲೇ ಉಜ್ಜಿ, ಸಡಿಲವಿಲ್ಲದಂತೆ ಜೋಡಿಸಿರುತ್ತಾರೆ. ಜೋಡಣೆ ಬಿಗಿಯಾದಷ್ಟೂ ಕೊಳೆ, ಮಸಿ ಹಾಗೂ ಒಣಗಿದ ಎಣ್ಣೆಯನ್ನು ಸಹಿಸುವ ಶಕ್ತಿ ಕಡಿಮೆ. ಇಂತಹ ಪಿಸ್ತೂಲುಗಳನ್ನು ತಯಾರಿಸುವ ಅಮೆರಿಕದ ಕೆಲವು ಕಂಪನಿಗಳು ಮೊದಲ 400ರಿಂದ 500 ಗುಂಡುಗಳನ್ನು ಪಳಗಿಸಲೆಂದೇ ಹಾರಿಸಬೇಕೆಂದು ಸೂಚಿಸುತ್ತವೆ.

ಸೇನೆ ಮತ್ತು ಪೊಲೀಸರ ಬಳಕೆಗಾಗಿ ರೂಪಿಸಿದ ಪಿಸ್ತೂಲುಗಳ ತತ್ವವೇ ಬೇರೆ. 1982ರಲ್ಲಿ ಆಸ್ಟ್ರಿಯಾದ ಸೇನೆ ಆರಿಸಿಕೊಂಡ ಗ್ಲಾಕ್‌ನಂತಹ ಮಾದರಿಗಳಲ್ಲಿ ಭಾಗಗಳ ನಡುವೆ ಉದ್ದೇಶಪೂರ್ವಕವಾಗಿಯೇ ಕೊಂಚ ಅವಕಾಶ ಬಿಡಲಾಗಿದೆ. ಆದ್ದರಿಂದ ಅವು ಪೆಟ್ಟಿಗೆಯಿಂದ ತೆಗೆದ ದಿನವೇ ಕೆಲಸಕ್ಕೆ ಸಿದ್ಧ. ಹಾಗೆಂದು ಅವುಗಳನ್ನು ಪರೀಕ್ಷಿಸದೆ ನಂಬಬೇಕೆಂದಲ್ಲ.

ಎಷ್ಟು ಗುಂಡು ಹಾರಿಸಿದರೆ ನಂಬಬಹುದು?

ಕಾರ್ಖಾನೆಯಲ್ಲಿ ಪ್ರತಿ ಆಯುಧಕ್ಕೂ ಅಧಿಕ ಒತ್ತಡದ ತೋಟಾದಿಂದ ಪರೀಕ್ಷೆ ನಡೆಯುತ್ತದೆ. ನಳಿಕೆ ಸಿಡಿಯುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಪಿಸ್ತೂಲು ಸಿಕ್ಕಿಕೊಳ್ಳುವುದಿಲ್ಲ ಎಂಬುದಕ್ಕಲ್ಲ.

ಸಂಖ್ಯಾಶಾಸ್ತ್ರದಲ್ಲಿ 'ಮೂರರ ನಿಯಮ' ಎಂಬ ಸರಳ ಲೆಕ್ಕವಿದೆ. ಎಷ್ಟೋ ಬಾರಿ ಪರೀಕ್ಷಿಸಿಯೂ ಒಮ್ಮೆಯೂ ದೋಷ ಕಾಣದಿದ್ದರೆ, 3ನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಬೇಕು. ದೋಷದ ಪ್ರಮಾಣ ಅದಕ್ಕಿಂತ ಹೆಚ್ಚಿಲ್ಲವೆಂದು ಶೇ 95ರಷ್ಟು ವಿಶ್ವಾಸದಿಂದ ಹೇಳಬಹುದು. 50 ಗುಂಡು ತೊಡಕಿಲ್ಲದೆ ಹಾರಿದರೂ ನೂರಕ್ಕೆ 6 ಬಾರಿ ತಪ್ಪುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ದೋಷದ ಪ್ರಮಾಣ ಅಷ್ಟಿದ್ದಲ್ಲಿ, 8 ಗುಂಡುಗಳ ಮ್ಯಾಗಜಿನ್ ಖಾಲಿಯಾಗುವುದರೊಳಗೆ ಒಮ್ಮೆಯಾದರೂ ಸಿಕ್ಕಿಕೊಳ್ಳುವ ಸಂಭವ ಸುಮಾರು ಶೇ 39. 200 ಗುಂಡು ಸರಾಗವಾಗಿ ಹಾರಿದ್ದರೆ ಈ ಸಂಭವ ಗರಿಷ್ಠ ಶೇ 11ರ ಆಸುಪಾಸಿಗೆ ಇಳಿಯುತ್ತದೆ.

ಸೇನೆಗಳು ಸಾವಿರಗಳಲ್ಲಿ ಲೆಕ್ಕ ಹಾಕುವುದು ಇದಕ್ಕಾಗಿಯೇ. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ನಡೆಸಿದ ಪರೀಕ್ಷೆಯಲ್ಲಿ ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಪಿಸ್ತೂಲು 6,000 ಗುಂಡುಗಳನ್ನು ಹಾರಿಸಿ ಗೆದ್ದಿತು. ಅದೇ ಸೇನೆ 2017ರಲ್ಲಿ ಹೊಸ ಪಿಸ್ತೂಲನ್ನು ಆರಿಸುವಾಗ, ಒಂದು ತೊಡಕಿಗೂ ಮತ್ತೊಂದಕ್ಕೂ ನಡುವೆ ಸರಾಸರಿ 2,000 ಗುಂಡು ಹಾರಬೇಕೆಂದು ಷರತ್ತು ವಿಧಿಸಿತ್ತು.

ಹಾರಬೇಕಾದಾಗ ಹಾರುವುದಷ್ಟೇ ವಿಶ್ವಾಸಾರ್ಹತೆಯಲ್ಲ, ಹಾರಬಾರದಾಗ ಸುಮ್ಮನಿರುವುದೂ ಹೌದು. ಆ ಸ್ಪರ್ಧೆಯಲ್ಲಿ ಗೆದ್ದದ್ದು ಸಿಗ್ ಸಾವರ್ ಕಂಪನಿಯ ಪಿ320 ವಿನ್ಯಾಸ. ಅದರ ನಾಗರಿಕ ಆವೃತ್ತಿ ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಿದ್ದರೆ ತಾನಾಗಿ ಗುಂಡು ಹಾರಿಸಬಹುದೆಂದು ಕಂಡುಬಂದ ಕಾರಣ, 2017ರ ಆಗಸ್ಟ್‌ನಲ್ಲಿ ಕಂಪನಿ ಭಾಗಗಳನ್ನು ಬದಲಿಸಿಕೊಡಲು ಮುಂದಾಯಿತು.

ನಮ್ಮಲ್ಲಿ ದುಬಾರಿ ಎಂದರೆ ಹಳೆಯದು

ಭಾರತದಲ್ಲಿ ಈ ವಿಷಯಕ್ಕೆ ಬೇರೊಂದು ಮುಖವಿದೆ. 9 ಎಂಎಂ ಪಿಸ್ತೂಲು ನಿಷೇಧಿತ ಬೋರ್ ವರ್ಗಕ್ಕೆ ಸೇರಿರುವುದರಿಂದ ಸಾಮಾನ್ಯ ನಾಗರಿಕರಿಗೆ ಲಭ್ಯವಿಲ್ಲ. ಆತ್ಮರಕ್ಷಣೆಗೆ ಪರವಾನಗಿ ಪಡೆದವರ ಕೈಯಲ್ಲಿರುವುದು ಹೆಚ್ಚಾಗಿ .32 ಬೋರಿನ ಪಿಸ್ತೂಲು ಅಥವಾ ರಿವಾಲ್ವರ್. ಇಛಾಪುರದ ರೈಫಲ್ ಕಾರ್ಖಾನೆ ತಯಾರಿಸುವ 'ಅಶನಿ' ಇಂತಹ ಪಿಸ್ತೂಲು. ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿ 2021ರ ಅಕ್ಟೋಬರ್ 1ರಂದು ವಿಸರ್ಜನೆಗೊಂಡ ಬಳಿಕ ಈ ಕಾರ್ಖಾನೆ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್‌ನ ಅಧೀನದಲ್ಲಿದೆ.

ವಿದೇಶಿ ಪಿಸ್ತೂಲುಗಳ ಆಮದು 1980ರ ದಶಕದ ಮಧ್ಯಭಾಗದಿಂದ ಸಾಮಾನ್ಯ ನಾಗರಿಕರಿಗೆ ಮುಚ್ಚಿದ ಬಾಗಿಲು. ಅದಕ್ಕೂ ಮೊದಲು ದೇಶಕ್ಕೆ ಬಂದ ವಾಲ್ಥರ್, ವೆಬ್ಲಿ, ಕೋಲ್ಟ್‌ಗಳು ಇಂದು ಕೈಯಿಂದ ಕೈಗೆ ಹಲವು ಲಕ್ಷ ರೂಪಾಯಿಗಳಿಗೆ ಮಾರಾಟವಾಗುತ್ತವೆ. ಅಂದರೆ ನಮ್ಮ 'ಉನ್ನತ ದರ್ಜೆ'ಯ ಪಿಸ್ತೂಲಿಗೆ ಕನಿಷ್ಠ 40 ವರ್ಷ ವಯಸ್ಸು. ಅದನ್ನು ಪಳಗಿಸುವ ಮಾತಿಲ್ಲ, ಮುಪ್ಪಿಗೆ ಮದ್ದು ಹುಡುಕಬೇಕು. ಬಳಲಿದ ಸ್ಪ್ರಿಂಗ್, ತುಟಿ ಬಾಗಿದ ಮ್ಯಾಗಜಿನ್ ಮತ್ತು ಸವೆದ ಎಕ್ಸ್‌ಟ್ರಾಕ್ಟರ್ ಇಲ್ಲಿನ ಮುಖ್ಯ ಕಾಯಿಲೆಗಳು. ಹಳೆಯ ಹಲವು ಮಾದರಿಗಳಲ್ಲಿ, ಬಿದ್ದಾಗ ಗುಂಡು ಹಾರದಂತೆ ತಡೆಯುವ ಒಳಬೀಗವೂ ಇಲ್ಲ.

.32 ತೋಟಾಕ್ಕೂ ತನ್ನದೇ ಆದ ದೌರ್ಬಲ್ಯವಿದೆ. ಅದರ ಬುಡದ ಅಂಚು ಕೊಂಚ ಹೊರಚಾಚಿದೆ. ಮ್ಯಾಗಜಿನ್‌ನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಹಿಂದಕ್ಕೆ ಸರಿದರೆ ಎರಡೂ ಬೆಸೆದುಕೊಂಡು ಪಿಸ್ತೂಲು ಸ್ತಬ್ಧವಾಗುತ್ತದೆ. ಮ್ಯಾಗಜಿನ್ ತುಂಬುವಾಗ ಪ್ರತಿ ತೋಟಾದ ಅಂಚೂ ಕೆಳಗಿನದರ ಅಂಚಿಗಿಂತ ಮುಂದಿರುವಂತೆ ನೋಡಿಕೊಳ್ಳುವುದು ಇದಕ್ಕಿರುವ ಪರಿಹಾರ.

ತೋಟಾ ಕಡಿಮೆ, ಜಾಗವೂ ಕಡಿಮೆ

ಭದ್ರಾವತಿಯಲ್ಲಿ 2021ರ ಜನವರಿಯಲ್ಲಿ ಕ್ಷಿಪ್ರ ಕಾರ್ಯಪಡೆಯ 97ನೇ ಬೆಟಾಲಿಯನ್‌ಗೆ ಶಂಕುಸ್ಥಾಪನೆ ನಡೆಯಿತು. ಇಂತಹ ಪಡೆಗಳಿಗೆ ಅಭ್ಯಾಸದ ತೋಟಾ, ಗುಂಡು ಹಾರಿಸುವ ಮೈದಾನ ಮತ್ತು ಆಯುಧ ದುರಸ್ತಿಗೆ ತರಬೇತಾದ ಆರ್ಮರರ್ ಮೂರೂ ಲಭ್ಯ. ಕೈಗೆ ಬಂದ ಪಿಸ್ತೂಲು ಸರಿಯಿಲ್ಲದಿದ್ದರೆ ಅದು ಅಭ್ಯಾಸದಲ್ಲೇ ಬಯಲಾಗುತ್ತದೆ.

ಖಾಸಗಿ ಪರವಾನಗಿದಾರನ ಸ್ಥಿತಿ ಇದಕ್ಕೆ ವಿರುದ್ಧ. ಒಮ್ಮೆಗೆ ಎಷ್ಟು ತೋಟಾ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬುದು ಪರವಾನಗಿಯಲ್ಲಿಯೇ ನಮೂದಾಗಿರುತ್ತದೆ. ಆ ಮಿತಿಯೊಳಗೆ 500 ಗುಂಡು ಹಾರಿಸಿ ಪಳಗಿಸುವುದು ಕನಸಿನ ಮಾತು. ತೋಟದಲ್ಲೋ ಮದುವೆ ಮನೆಯಲ್ಲೋ ಪರೀಕ್ಷಿಸೋಣವೆಂದರೆ ಕಾನೂನು ಬಿಡದು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯಂತೆ, ಸಂಭ್ರಮಕ್ಕಾಗಿ ಅಥವಾ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಒಬ್ಬರು ಹೊಂದಬಹುದಾದ ಆಯುಧಗಳ ಸಂಖ್ಯೆಯನ್ನು 3ರಿಂದ 2ಕ್ಕೆ ಇಳಿಸಿದ್ದೂ, ಪರವಾನಗಿಯ ಅವಧಿಯನ್ನು 3ರಿಂದ 5 ವರ್ಷಕ್ಕೆ ಏರಿಸಿದ್ದೂ ಇದೇ ತಿದ್ದುಪಡಿ.

ಪರಿಣಾಮವಾಗಿ ಎಷ್ಟೋ ಪಿಸ್ತೂಲುಗಳು ವರ್ಷಗಟ್ಟಲೆ ಬೀರುವಿನಲ್ಲೇ ಉಳಿಯುತ್ತವೆ. ಮಲೆನಾಡಿನ ಮಳೆಗಾಲದ ತೇವಕ್ಕೆ ಉಕ್ಕು ತುಕ್ಕು ಹಿಡಿಯುತ್ತದೆ. ಚರ್ಮದ ಚೀಲದಲ್ಲೇ ಇಟ್ಟರೆ ಚರ್ಮ ಹೀರಿಕೊಂಡ ತೇವ ನೇರವಾಗಿ ಲೋಹಕ್ಕೆ ತಗಲುತ್ತದೆ. ಎಣ್ಣೆ ಅತಿಯಾದರೂ ಅಪಾಯವೇ. ಅದು ತೋಟಾದೊಳಕ್ಕೆ ಇಳಿದರೆ ಮದ್ದು ಕೆಡಬಹುದು.

ಮಾಡಬಹುದಾದದ್ದೇನು?

ಅಧಿಕೃತ ಶೂಟಿಂಗ್ ರೇಂಜ್‌ನಲ್ಲಿ, ನಿತ್ಯ ಬಳಸುವ ತೋಟಾದಿಂದಲೇ, ಪ್ರತಿ ಮ್ಯಾಗಜಿನ್ನನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಮೊದಲ ಹೆಜ್ಜೆ. ಪದೇ ಪದೇ ಒಂದೇ ಮ್ಯಾಗಜಿನ್‌ನಲ್ಲಿ ತೊಡಕು ಬಂದರೆ ದೋಷ ಬಹುಶಃ ಪಿಸ್ತೂಲಿನದ್ದಲ್ಲ. ಟ್ರಿಗರ್ ಒತ್ತಿದಾಗ ಸದ್ದು ಎಂದಿನಂತಿರದೆ ಕ್ಷೀಣವಾಗಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಕೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಕೆ ಸಿಡಿಯುತ್ತದೆ. ದುರಸ್ತಿಯನ್ನು ಪರವಾನಗಿ ಹೊಂದಿದ ಆಯುಧ ವ್ಯಾಪಾರಿಯಿಂದಲೇ ಮಾಡಿಸಬೇಕು.

2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿಯ ಪ್ರಮಾಣಪತ್ರಕ್ಕೆ ಅವಕಾಶ ಕಲ್ಪಿಸಿವೆ. ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನೂ ನಡೆಸುತ್ತ ಬಂದಿದೆ. ಆದರೆ ಕೆಲವು ದಿನಗಳ ತರಬೇತಿ ಆಯುಧ ಹಿಡಿಯುವವನನ್ನು ಪಳಗಿಸಬಲ್ಲದೇ ಹೊರತು ಅವನ ಮನೆಯಲ್ಲಿರುವ ಪಿಸ್ತೂಲನ್ನಲ್ಲ. ತೋಟಾದ ಮಿತಿಗೆ ಸಾರ್ವಜನಿಕ ಸುರಕ್ಷತೆಯ ಬಲವಾದ ಕಾರಣವಿದೆ. ಅದನ್ನು ಒಪ್ಪಿಕೊಂಡ ಮೇಲೆ, ಪರೀಕ್ಷೆಗೆ ಒಳಗಾಗದ ಆಯುಧವನ್ನು ಪ್ರಾಣರಕ್ಷಣೆಯ ಏಕೈಕ ಆಸರೆಯೆಂದು ಎಣಿಸಬಾರದೆಂಬುದನ್ನೂ ಒಪ್ಪಬೇಕಾಗುತ್ತದೆ. ಗಟ್ಟಿಯಾದ ಬಾಗಿಲು, ಬೆಳಕಿರುವ ಅಂಗಳ ಮತ್ತು ಕರೆದಾಗ ಓಗೊಡುವ ನೆರೆಹೊರೆಗೆ ಪಳಗಿಸುವ ಅವಧಿಯಿಲ್ಲ, ಪರವಾನಗಿಯೂ ಬೇಕಿಲ್ಲ.