ಬಿಸಿ ಆರುವ ಮುನ್ನ ಕುಡಿದ ಚಹಾ
ಡೆನ್ಮಾರ್ಕ್‌ನ ‘ಹ್ಯೂಗೆ’ ಮತ್ತು ಮನೆಯ ನೆಮ್ಮದಿ

ನಮ್ಮ ದವಾಖಾನೆಗೆ ಬರುವ ಹಳೆಯ ರೋಗಿಗಳಲ್ಲಿ ಒಬ್ಬ ತಾಯಿ ಇದ್ದಾರೆ. ಮೊಣಕಾಲು ನೋವು, ಎದೆಯುರಿ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ರೆ ಬಾರದಿರುವುದು ಅವರ ಬಹುಕಾಲದ ತೊಂದರೆಗಳು. ಮಗಳ ಹೆರಿಗೆಗೆಂದು ಅವರು ಡೆನ್ಮಾರ್ಕ್‌ನ ಕೋಪನ್‌ಹೇಗನ್‌ಗೆ ಹೋಗಿ, ಅಲ್ಲಿಯ ಚಳಿಗಾಲವನ್ನು ಪೂರ್ತಿ ಕಳೆದು ಬಂದರು. ಆ ಚಳಿಗೆ ಮೊಣಕಾಲು ಇನ್ನಷ್ಟು ಕೆಟ್ಟಿರಬಹುದೆಂದು ನಾನು ಭಾವಿಸಿದ್ದೆ. ಅವರು ಹೇಳಿದ ಮಾತು ಬೇರೆಯೇ ಆಗಿತ್ತು.

“ಡಾಕ್ಟರೇ, ಅಲ್ಲಿ ನಾನು ದಿನಾ ಬಿಸಿ ಚಹಾ ಕುಡಿದೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಇಲ್ಲಿ ಮನೆಯ ಎಲ್ಲರಿಗೂ ಚಹಾ ಮಾಡಿ ಕೊಡುವವರು ಅವರೇ. ಒಬ್ಬರಿಗೆ ಸಕ್ಕರೆ ಬೇಡ, ಇನ್ನೊಬ್ಬರಿಗೆ ಬಿಸ್ಕೆಟ್ ಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಬಂದಿರುತ್ತಾರೆ. ಎಲ್ಲ ಮುಗಿಸಿ ಕುಳಿತುಕೊಳ್ಳುವಾಗ ಅವರ ಲೋಟ ತಣ್ಣಗಾಗಿರುತ್ತದೆ. ಅಲ್ಲಿ ಸಂಜೆ ಅಳಿಯ ಚಹಾ ಇಟ್ಟು, ದೀಪ ಸಣ್ಣದು ಮಾಡಿ, “ಅಮ್ಮ, ನೀವು ಕೂತ್ಕೊಳ್ಳಿ. ಎಲ್ಲರದೂ ಮುಗಿಯುವವರೆಗೆ ಯಾರೂ ಏಳಬಾರದು” ಎನ್ನುತ್ತಿದ್ದರಂತೆ. “ಅಲ್ಲಿಯ ಜನರು ಅದಕ್ಕೆ ಹ್ಯೂಗೆ ಎಂದೋ ಏನೋ ಹೇಳುತ್ತಾರೆ” ಎಂದು ಅವರು ನಕ್ಕರು.

ಅವರ ನಗುವಿನ ಹಿಂದಿದ್ದ ವಿಷಯ ಒಬ್ಬ ವೈದ್ಯನಾಗಿ ನನಗೆ ಗಂಭೀರವಾಗಿ ಕಂಡಿತು. ಅದನ್ನೇ ಈ ಸಂಚಿಕೆಯಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಹ್ಯೂಗೆ ಎಂದರೇನು?

ಈ ಪದಕ್ಕೆ ನೇರವಾದ ಕನ್ನಡ ಶಬ್ದ ಇಲ್ಲ. ನೆಮ್ಮದಿ, ಆಪ್ತತೆ, ಬೆಚ್ಚನೆಯ ಭಾವ, ಆಡಂಬರವಿಲ್ಲದ ಕೂಟ ಇವೆಲ್ಲವನ್ನೂ ಸೇರಿಸಿದರೆ ಅದರ ಹತ್ತಿರ ಹೋಗಬಹುದು. ಪದ ಬಂದದ್ದು ನಾರ್ವೆಯ ಭಾಷೆಯಿಂದ. 1814ರವರೆಗೆ ಡೆನ್ಮಾರ್ಕ್ ಮತ್ತು ನಾರ್ವೆ ಒಂದೇ ರಾಜನ ಆಡಳಿತದಲ್ಲಿದ್ದವು. ಇಂದು ಡೆನ್ಮಾರ್ಕ್‌ನವರು ಇದನ್ನು ದಿನಕ್ಕೆ ಹತ್ತಾರು ಸಲ ಬಳಸುತ್ತಾರೆ. ಒಳ್ಳೆಯ ಕೋಣೆಗೆ, ಒಳ್ಳೆಯ ಮಾತುಕತೆಗೆ, ಮಳೆಯ ದಿನ ಮಕ್ಕಳೊಂದಿಗೆ ಮಾಡಿದ ತಿಂಡಿಗೆ ಎಲ್ಲದಕ್ಕೂ ಅದೇ ಪದ. ಅದರ ವಿರುದ್ಧ ಪದಕ್ಕೆ ‘ಭಯ ಹುಟ್ಟಿಸುವಂಥದ್ದು’ ಎಂಬ ಅರ್ಥವಿದೆ. ಅಂದರೆ ಹ್ಯೂಗೆಯ ಮೂಲದಲ್ಲಿರುವುದು ‘ಇಲ್ಲಿ ನಾನು ಸುರಕ್ಷಿತ’ ಎಂಬ ಭಾವ.

2016ರಲ್ಲಿ ಕೋಪನ್‌ಹೇಗನ್‌ನ ಸಂತೋಷ ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಮೈಕ್ ವೈಕಿಂಗ್ ಇದರ ಬಗ್ಗೆ ಬರೆದ ಪುಟ್ಟ ಪುಸ್ತಕ ಜಗತ್ತಿನಾದ್ಯಂತ ಮಾರಾಟವಾಯಿತು. ಅದೇ ವರ್ಷ ವಿಶ್ವ ಸಂತೋಷ ವರದಿಯಲ್ಲಿ ಡೆನ್ಮಾರ್ಕ್ ಮೊದಲ ಸ್ಥಾನದಲ್ಲಿತ್ತು. ಎಲ್ಲರೂ ಅವರ ಗುಟ್ಟು ಹುಡುಕತೊಡಗಿದರು. ಅಂಗಡಿಗಳು ಹ್ಯೂಗೆ ಹೆಸರಿನಲ್ಲಿ ಮೇಣದಬತ್ತಿ, ಕಂಬಳಿ, ಉಣ್ಣೆಯ ಕಾಲುಚೀಲಗಳನ್ನು ಮಾರಿದವು.

ಆದರೆ ಆ ನಾಡಿನ ನೆಮ್ಮದಿಯ ಬೇರುಗಳು ಮೇಣದಬತ್ತಿಯಲ್ಲಿಲ್ಲ. ಅಲ್ಲಿ ವಾರದ ದುಡಿಮೆ ಸಾಮಾನ್ಯವಾಗಿ 37 ಗಂಟೆ. ವರ್ಷಕ್ಕೆ ಐದು ವಾರ ರಜೆ. ವೈದ್ಯರ ಭೇಟಿ, ಆಸ್ಪತ್ರೆ ಚಿಕಿತ್ಸೆಗಳ ಖರ್ಚನ್ನು ತೆರಿಗೆ ಹಣದಿಂದ ಸರಕಾರ ಭರಿಸುತ್ತದೆ. 2022ರ ಕಾನೂನಿನಂತೆ ನೌಕರಿಯಲ್ಲಿರುವ ತಂದೆಗೆ ಮಗು ಹುಟ್ಟಿದಾಗ 11 ವಾರಗಳ ರಜೆ ಅವನಿಗೆಂದೇ ಮೀಸಲು. ಅವನು ಪಡೆಯದಿದ್ದರೆ ಅದು ತಾಯಿಗೆ ವರ್ಗವಾಗುವುದಿಲ್ಲ. ಆ ತಾಯಿಯ ಅಳಿಯ ಸಂಜೆ ಚಹಾ ಇಡಲು ಮನೆಯಲ್ಲಿದ್ದರು ಎಂದರೆ ಅದಕ್ಕೆ ಇಂತಹ ವ್ಯವಸ್ಥೆಯೂ ಕಾರಣ.

ಕತ್ತಲೆಯ ನಾಡಿನ ಮದ್ದು

ಡಿಸೆಂಬರ್ ಮೂರನೇ ವಾರದಲ್ಲಿ ಕೋಪನ್‌ಹೇಗನ್‌ನಲ್ಲಿ ಸೂರ್ಯ ಮೂಡುವುದು ಬೆಳಿಗ್ಗೆ ಸುಮಾರು ಎಂಟೂವರೆಗೆ, ಮುಳುಗುವುದು ಮಧ್ಯಾಹ್ನ ಮೂರೂ ಮುಕ್ಕಾಲಿನೊಳಗೆ. ಹಗಲು ಏಳೇ ಗಂಟೆ. ಝುಹರ್, ಅಸರ್, ಮಗ್ರಿಬ್ ಮೂರೂ ಸುಮಾರು ಮೂರೂವರೆ ಗಂಟೆಯೊಳಗೆ ಬಂದುಬಿಡುತ್ತವೆ. ಜೂನ್‌ನಲ್ಲಿ ಇದು ತಲೆಕೆಳಗು. ಮಗ್ರಿಬ್ ಆಗುವಾಗ ರಾತ್ರಿ ಹತ್ತು ಗಂಟೆ.

ಬೆಳಕು ಕಡಿಮೆಯಾದಾಗ ಮನಸ್ಸು ಕುಗ್ಗುತ್ತದೆ. ವಿಪರೀತ ನಿದ್ರೆ, ಸಿಹಿಯ ಮೇಲೆ ಆಸೆ, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು ಇದರ ಲಕ್ಷಣಗಳು. 1984ರಲ್ಲಿ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಇದನ್ನು ಋತುಮಾನದ ಖಿನ್ನತೆ ಎಂದು ಗುರುತಿಸಿದರು. ಹ್ಯೂಗೆ ಬೆಳೆದದ್ದು ಇಂತಹ ಚಳಿಗಾಲದ ಮಡಿಲಲ್ಲಿ. ಕತ್ತಲೆಗೆ ಪ್ರತಿಯಾಗಿ ಸಣ್ಣ ದೀಪ, ಶೀತಕ್ಕೆ ಪ್ರತಿಯಾಗಿ ಬಿಸಿ ಗಂಜಿ ಮತ್ತು ಕಂಬಳಿ, ಒಂಟಿತನಕ್ಕೆ ಪ್ರತಿಯಾಗಿ ಮನೆಮಂದಿ.

ಹಾಗೆಂದು ಅವರು ಚಳಿಗೆ ಹೆದರಿ ಒಳಗೇ ಕೂರುವುದಿಲ್ಲ. ಸೈಕಲ್ ತುಳಿದು ಕೆಲಸಕ್ಕೆ ಹೋಗುತ್ತಾರೆ. ಮಕ್ಕಳನ್ನು ಬೆಚ್ಚಗೆ ಹೊದಿಸಿ ತಳ್ಳುಬಂಡಿಯಲ್ಲಿ ಹೊರಗೆ ಮಲಗಿಸುತ್ತಾರೆ. ಇದನ್ನು ಕಂಡು ನಮ್ಮ ತಾಯಿ ಗಾಬರಿಯಾಗಿದ್ದರಂತೆ! ಹಗಲಿನ ಗಾಳಿ ಬೆಳಕು ಪಡೆದವರಿಗೇ ಸಂಜೆಯ ವಿಶ್ರಾಂತಿ ಒಗ್ಗುತ್ತದೆ.

ಯೂನಾನಿ ಏನು ಹೇಳುತ್ತದೆ?

ಯೂನಾನಿ ವೈದ್ಯಪದ್ಧತಿಯಲ್ಲಿ ಬದುಕಿಗೆ ಅನಿವಾರ್ಯವಾದ ಆರು ಸಂಗತಿಗಳಿವೆ. ಇವನ್ನು ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎನ್ನುತ್ತೇವೆ: ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೊರಹೋಗಬೇಕಾದುದು ಹೋಗುವುದು. ಇವು ಸಮತೋಲನದಲ್ಲಿದ್ದರೆ ಆರೋಗ್ಯ, ತಪ್ಪಿದರೆ ರೋಗ.

ನಾಲ್ಕನೆಯದನ್ನು, ಅಂದರೆ ಮನಸ್ಸಿನ ಚಲನೆ ಮತ್ತು ವಿಶ್ರಾಂತಿಯನ್ನು, ನಾವು ಹೆಚ್ಚಾಗಿ ಮರೆಯುತ್ತೇವೆ. ಇಬ್ನ್ ಸೀನಾರಂತಹ ಹಕೀಮರು ಇದನ್ನು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಕೋಪ ಬಂದಾಗ ದೇಹದ ಉಷ್ಣ ಒಮ್ಮೆಲೇ ಹೊರಕ್ಕೆ ನುಗ್ಗುತ್ತದೆ, ಮುಖ ಕೆಂಪಾಗುತ್ತದೆ. ಭಯವಾದಾಗ ಅದು ಒಮ್ಮೆಲೇ ಒಳಕ್ಕೆ ಸರಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ದುಃಖದಲ್ಲಿ ನಿಧಾನವಾಗಿ ಒಳಕ್ಕೆ ಹೋಗುತ್ತದೆ. ಹಿತವಾದ ಸಂತೋಷದಲ್ಲಿ ಮಾತ್ರ ಅದು ನಿಧಾನವಾಗಿ, ಸಮನಾಗಿ ಹೊರಕ್ಕೆ ಹರಡುತ್ತದೆ. ಹ್ಯೂಗೆ ಎಂದರೆ ಈ ಕೊನೆಯ ಸ್ಥಿತಿ ಎಂದು ನಾನು ತಿಳಿಯುತ್ತೇನೆ. ನಗು, ಗದ್ದಲ, ಪಟಾಕಿಯ ಸಂತೋಷಕ್ಕಿಂತ ಇದು ಬೇರೆ, ಉರಿಯುವುದಿಲ್ಲ, ಬೆಚ್ಚಗಿಡುತ್ತದೆ.

ಯೂನಾನಿಯ ಇನ್ನೊಂದು ನಿಯಮ ‘ಇಲಾಜ್ ಬಿಲ್ ಝಿದ್’, ಅಂದರೆ ವಿರುದ್ಧ ಗುಣದಿಂದ ಚಿಕಿತ್ಸೆ. ಶೀತಕ್ಕೆ ಉಷ್ಣ, ಒಣಗಿದ್ದಕ್ಕೆ ತೇವ. ಡೆನ್ಮಾರ್ಕ್‌ನ ಚಳಿಗಾಲ ಶೀತ ಮತ್ತು ತೇವ ಗುಣದ್ದು. ಆದ್ದರಿಂದ ಅಲ್ಲಿ ಬೆಂಕಿ, ಕಂಬಳಿ ಸರಿ. ಏಪ್ರಿಲ್‌ನ ರಾಯಚೂರಿನಲ್ಲಿ ಅದೇ ಕಂಬಳಿ ಹೊದ್ದರೆ ಏನಾದೀತು? ನಮ್ಮ ಸೆಕೆಗೆ ಬೇಕಾದ ಹ್ಯೂಗೆ ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸುವುದು, ಮಣ್ಣಿನ ಮಡಕೆಯ ನೀರು, ತೆರೆದ ಕಿಟಕಿ. ವಸ್ತುಗಳು ಊರಿಂದ ಊರಿಗೆ ಬದಲಾಗುತ್ತವೆ. ಬದಲಾಗದಿರುವುದು ಎಲ್ಲರೂ ಒಟ್ಟಿಗೆ ಕೂರುವುದು.

ಅತಿಥೇಯರೂ ಕೂರಬೇಕು

ಹ್ಯೂಗೆಯಲ್ಲಿ ದೊಡ್ಡವರು, ಚಿಕ್ಕವರು ಎಂಬ ಭೇದ ಇರಬಾರದು. ಯಾರೂ ತಮ್ಮ ಸಂಬಳ, ಮನೆ, ಹೊಸ ಕಾರಿನ ಬಗ್ಗೆ ಕೊಚ್ಚಿಕೊಳ್ಳುವುದಿಲ್ಲ. ಜಗಳದ ವಿಷಯ ಎತ್ತುವುದಿಲ್ಲ. ಅಡುಗೆ, ಪಾತ್ರೆ ತೊಳೆಯುವುದು ಹಂಚಿಹೋಗುತ್ತದೆ. ಒಬ್ಬರು ಮಾತ್ರ ಅಡುಗೆಮನೆಯಲ್ಲಿ ಬೇಯುತ್ತಿದ್ದರೆ ಅದು ಹ್ಯೂಗೆ ಅನ್ನಿಸಿಕೊಳ್ಳುವುದಿಲ್ಲ.

ಇಲ್ಲಿ ನಾವು ಸ್ವಲ್ಪ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮ ಮನೆಗಳಲ್ಲಿ ಅತಿಥಿ ಸತ್ಕಾರಕ್ಕೆ ಕೊರತೆ ಇಲ್ಲ. ಒಂದೇ ದಸ್ತರ್‌ಖಾನಿನ ಸುತ್ತ ಕುಳಿತು ಉಣ್ಣುವ ಸುಂದರ ರೂಢಿಯೂ ಇದೆ. ಆದರೆ ಆ ದಸ್ತರ್‌ಖಾನಿನಲ್ಲಿ ಬಡಿಸುವವಳ ಜಾಗ ಎಲ್ಲಿ? ನನ್ನ ಬಳಿಗೆ ಬರುವ ಎಷ್ಟೋ ಮಹಿಳೆಯರು ಎಲ್ಲರ ಊಟವಾದ ಮೇಲೆ, ಆರಿದ್ದನ್ನು, ನಿಂತುಕೊಂಡೇ, ಅವಸರದಲ್ಲಿ ತಿನ್ನುವವರು. ಅವರಿಗೆ ಎದೆಯುರಿಗೆ ಪುಡಿ ಕೊಡುತ್ತೇನೆ. ಕಾರಣಕ್ಕೆ ನನ್ನ ಬಳಿ ಪುಡಿ ಇಲ್ಲ.

ಆ ತಾಯಿ ಬಂದುಹೋದ ದಿನ ರಾತ್ರಿ ನಾನು ಮನೆಗೆ ಹೋಗಿ ಎಂದಿನಂತೆ ಚಹಾ ಕುಡಿದೆ. ಲೋಟ ಇಡಲು ಒಳಗೆ ಹೋದಾಗ ಒಲೆಯ ಪಕ್ಕದಲ್ಲಿ ನನ್ನ ಪತ್ನಿಯ ಲೋಟ ಕಂಡಿತು. ಕೆನೆ ಕಟ್ಟಿತ್ತು. ಇಪ್ಪತ್ತು ವರ್ಷ ಇತರರಿಗೆ ವಿಶ್ರಾಂತಿಯ ಬಗ್ಗೆ ಸಲಹೆ ನೀಡಿದವನಿಗೆ ಆ ಲೋಟ ಅಂದಿನವರೆಗೆ ಕಂಡಿರಲಿಲ್ಲ.

ಕೆಲವು ಎಚ್ಚರಿಕೆಗಳು

* ಮೇಣದಬತ್ತಿ, ಲೋಬಾನ, ಅಗರಬತ್ತಿಗಳ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಹಾನಿಕರ. ಆಸ್ತಮಾ ಇರುವವರು, ಎಳೆಮಕ್ಕಳು ಇರುವ ಕೋಣೆಯಲ್ಲಿ ಬೇಡ. ಕಿಟಕಿ ತೆರೆದು ಗಾಳಿಯಾಡಿಸಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟು ಮಲಗುವುದು ಪ್ರಾಣಕ್ಕೇ ಅಪಾಯ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

* ಹ್ಯೂಗೆಯಲ್ಲಿ ಕೇಕು, ಸಿಹಿ ಬಹಳ. ಅಲ್ಲಿಯ ಅನೇಕ ಮನೆಗಳಲ್ಲಿ ಮಕ್ಕಳಿಗೆ ಮಿಠಾಯಿ ಶುಕ್ರವಾರ ಸಂಜೆ ಮಾತ್ರ ಎಂಬ ನಿಯಮವಿದೆ. ನಾವು ಕಲಿಯಬೇಕಾದದ್ದು ಆ ನಿಯಮವನ್ನು. ಸಕ್ಕರೆ ಕಾಯಿಲೆ ಇರುವವರಿಗೆ ಹುರಿಗಡಲೆ, ಕಡಲೆಕಾಯಿ ಸಾಕು.

* ಅಲ್ಲಿ ಕೂಟಗಳಲ್ಲಿ ಮದ್ಯ ಸಾಮಾನ್ಯ. ಆದರೆ ಹ್ಯೂಗೆಗೆ ಅದು ಬೇಕಿಲ್ಲ. ಅಲ್ಲಿಯ ಮುಸ್ಲಿಮ್ ಮನೆಗಳಲ್ಲಿ ಚಹಾ, ಕಾಫಿಯೊಂದಿಗೆ ಕೂಟ ಚೆನ್ನಾಗಿಯೇ ನಡೆಯುತ್ತದೆ.

* ಬೆಚ್ಚನೆ ಎಂದು ಒಳಗೇ ಇರಬೇಡಿ. ಪರ್ದಾ ಧರಿಸುವ ಅರಬ್ ಮಹಿಳೆಯರಲ್ಲಿ ವಿಟಮಿನ್ ಡಿ ತೀವ್ರವಾಗಿ ಕಡಿಮೆ ಇರುವುದನ್ನು ಡೆನ್ಮಾರ್ಕ್‌ನಲ್ಲೇ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಬಿಸಿಲು ಹೇರಳವಾಗಿರುವ ನಮ್ಮಲ್ಲೂ ಈ ಕೊರತೆ ಸಾಮಾನ್ಯ. ಮಹಡಿ ಅಥವಾ ಹಿತ್ತಲಿನ ಖಾಸಗಿ ಜಾಗದಲ್ಲಿ ಕೈಕಾಲಿಗೆ ಬಿಸಿಲು ತಾಗಿಸಿಕೊಳ್ಳಿ. ಮೂಳೆ ನೋವು, ಸುಸ್ತು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ.

* ಆಪ್ತರ ವೃತ್ತ ಮುಚ್ಚಿದ ವೃತ್ತವಾಗಬಾರದು. ಡೆನ್ಮಾರ್ಕ್‌ಗೆ ಹೊಸದಾಗಿ ಹೋದ ಅನೇಕರು, ಆ ಬೆಚ್ಚನೆಯ ಕೋಣೆಗೆ ಹೊರಗಿನವರಿಗೆ ಬೇಗ ಪ್ರವೇಶ ಸಿಗುವುದಿಲ್ಲ ಎನ್ನುತ್ತಾರೆ. ಪಕ್ಕದ ಮನೆಯ ಒಂಟಿ ವೃದ್ಧರನ್ನು, ಯಾವ ಸಮುದಾಯದವರಾದರೂ, ಕರೆಯಿರಿ.

* ಎರಡು ವಾರಕ್ಕಿಂತ ಹೆಚ್ಚು ಕಾಲ ದುಃಖ, ನಿದ್ರಾಹೀನತೆ, ಬದುಕು ಬೇಡವೆನಿಸುವ ಯೋಚನೆ ಇದ್ದರೆ ಅದು ಕಾಯಿಲೆ. ಚಹಾ, ದೀಪಗಳಿಂದ ವಾಸಿಯಾಗದು. ಸಂಕೋಚ ಬಿಟ್ಟು ತಕ್ಷಣ ಮನೋವೈದ್ಯರನ್ನು ಕಾಣಿ.

ಮನೆಯಲ್ಲಿ ಹೀಗೆ ಆರಂಭಿಸಿ

1. ಇಶಾದ ನಂತರ ಕಣ್ಣಿಗೆ ಹೊಡೆಯುವ ಬಿಳಿ ಟ್ಯೂಬ್‌ಲೈಟ್ ಆರಿಸಿ, ಹಳದಿ ಬೆಳಕಿನ ಸಣ್ಣ ದೀಪ ಹಚ್ಚಿ. ಪ್ರಖರ ಬೆಳಕು ನಿದ್ರೆ ತರುವ ಮೆಲಟೋನಿನ್ ರಸವನ್ನು ತಡೆಯುತ್ತದೆ. ಡೆನ್ಮಾರ್ಕ್‌ನ ಪೌಲ್ ಹೆನಿಂಗ್ಸೆನ್ 1920ರ ದಶಕದಲ್ಲೇ ಬಲ್ಬು ಕಣ್ಣಿಗೆ ನೇರವಾಗಿ ಕಾಣದಂತೆ ಪದರಪದರ ಮುಚ್ಚಳದ ದೀಪ ರೂಪಿಸಿದ್ದರು. ನಮಗೆ ಬೆಲೆಬಾಳುವ ದೀಪ ಬೇಡ. ಮೂಲೆಯಲ್ಲಿ ತಗ್ಗಾಗಿ ಇಟ್ಟ ಒಂದು ಬಲ್ಬು ಸಾಕು.

2. ದಿನಕ್ಕೆ ಅರ್ಧ ಗಂಟೆ ಎಲ್ಲರ ಮೊಬೈಲುಗಳು ಒಂದೇ ಬುಟ್ಟಿಯಲ್ಲಿರಲಿ. ಅಪ್ಪನದ್ದು ಮೊದಲು.

3. ಚಹಾ ಮಾಡುವ ಸರದಿ ಇರಲಿ. ಗಂಡುಮಕ್ಕಳಿಗೂ ಸರದಿ ಬರಲಿ.

4. ಆ ಹೊತ್ತಿನಲ್ಲಿ ಮಕ್ಕಳ ಅಂಕ, ಸಾಲ, ಸಂಬಂಧಿಕರ ದೂರು ಬೇಡ. ಇವಕ್ಕೆ ಬೇರೆ ಸಮಯವಿದೆ.

5. ರಾತ್ರಿ ಊಟಕ್ಕೂ ನಿದ್ರೆಗೂ ಎರಡು ಗಂಟೆಯ ಅಂತರವಿರಲಿ. ಚಹಾ ಸಂಜೆಗೇ ಮುಗಿಯಲಿ. ಆಮೇಲೆ ಸೋಂಪು ಅಥವಾ ಪುದೀನಾ ಕುದಿಸಿದ ಬಿಸಿನೀರು ಸಾಕು.

6. ಇದಕ್ಕಾಗಿ ಹೊಸದೇನನ್ನೂ ಕೊಳ್ಳಬೇಡಿ. ಇದ್ದ ಚಾಪೆ, ಇದ್ದ ಲೋಟಗಳೇ ಸಾಕು.

ಆ ತಾಯಿ ಈಗಲೂ ಬರುತ್ತಾರೆ. ಮೊಣಕಾಲು ನೋವು ಹೋಗಿಲ್ಲ. ಸವೆದ ಕೀಲು ಚಹಾದಿಂದ ಸರಿಯಾಗುವುದಿಲ್ಲ. ಆದರೆ ಕಳೆದ ಸಲ ಅವರನ್ನು ಕರೆತಂದ ಮಗನಿಗೆ ನಾನು ಚೀಟಿಯಲ್ಲಿ ಔಷಧಗಳ ಕೆಳಗೆ ಇನ್ನೊಂದು ಸಾಲು ಬರೆದುಕೊಟ್ಟೆ: ‘ಸಂಜೆಯ ಚಹಾ ಮಗ ಮಾಡಬೇಕು, ತಾಯಿ ಕುಳಿತು ಕುಡಿಯಬೇಕು.’ ಅವನು ಓದಿ, ತಾಯಿಯ ಮುಖ ನೋಡಿ, ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಓದುಗರೇ, ಇವತ್ತು ಸಂಜೆ ನಿಮ್ಮ ಮನೆಯಲ್ಲಿ ಯಾರ ಲೋಟ ಕೊನೆಯವರೆಗೆ ತುಂಬಿಯೇ ಉಳಿದಿದೆ ಎಂದು ಒಮ್ಮೆ ನೋಡಿ.